ಹಿತ್ತಲಿನ ಪಕ್ಷ

ಮನೆಯ ಹಿತ್ತಲಿನಲ್ಲಾಗಲಿ ಅಂಗಳದ ಪಕ್ಕದಲ್ಲಾಗಲಿ, ರಾಸಾಯನಿಕ ಗೊಬ್ಬರವನ್ನೂ ಕೀಟನಾಶಕವನ್ನೂ ಮುಟ್ಟದೆ, ನಾಲ್ಕು ಬಗೆಯ ಸೊಪ್ಪು, ನಾಲ್ಕು ಬಗೆಯ ಕಾಯಿ, ಎರಡು ಹಣ್ಣಿನ ಗಿಡ, ಕೆಮ್ಮು ನೆಗಡಿಗಳಿಗೆ ಒದಗುವ ಮದ್ದಿನ ಸೊಪ್ಪು, ಇಷ್ಟನ್ನು ಬೆಳೆಸಿಕೊಳ್ಳುವುದು ಬಿಡುವುಳ್ಳವರ ವಿನೋದವೇ ಹೊರತು ಸಂಸಾರಸ್ಥರ ಕಾರ್ಯವಲ್ಲವೆಂಬ ಅಭಿಪ್ರಾಯವು ನಮ್ಮ ವಿದ್ಯಾವಂತ ವರ್ಗದಲ್ಲಿ ಬಹು ಆಳವಾಗಿ ಬೇರೂರಿದೆ. ಕೃಷಿಶಾಸ್ತ್ರವನ್ನು ಅಭ್ಯಾಸಮಾಡಿದವರು ಅದನ್ನು ಸಭೆಗಳಲ್ಲಿ ಹೇಳುತ್ತಾರೆ. ಅರ್ಥಶಾಸ್ತ್ರವನ್ನು ಬಲ್ಲವರು ಲೆಕ್ಕದ ಮೂಲಕ ಸಾಧಿಸುತ್ತಾರೆ. ಎರಡು ಶಾಸ್ತ್ರಗಳ ಗೊಡವೆಯೂ ಇಲ್ಲದ ನೆರೆಮನೆಯವರು ಕಾಂಪೌಂಡಿನ ಆಚೆಯಿಂದ, "ಇಷ್ಟೆಲ್ಲ ಕಷ್ಟ ಯಾಕೆ ಸ್ವಾಮಿ, ಗಾಡಿಯವನು ಬಾಗಿಲಿಗೇ ಸೊಪ್ಪು ತರುತ್ತಾನಲ್ಲ" ಎಂದು ಮರುಕದಿಂದ ಕೇಳುತ್ತಾರೆ. ಮೂವರ ಮಾತಿನ ತಿರುಳೂ ಒಂದೇ. ಈ ಅಭಿಪ್ರಾಯವು ತಪ್ಪೆಂದೂ, ನಮ್ಮ ಮನೆಗಳಿಗೂ ಊರುಗಳಿಗೂ ಹಾನಿಯನ್ನುಂಟುಮಾಡತಕ್ಕದ್ದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಖಂಡನೆಗೆ ತೊಡಗುವವನು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸತಕ್ಕದ್ದೆಂಬುದು ಹಿರಿಯರು ಹಾಕಿಕೊಟ್ಟ ಮರ್ಯಾದೆ. ಆದಕಾರಣ ಪ್ರತಿವಾದಿಗಳ ಮಾತನ್ನು ಮೊದಲು ಕೇಳೋಣ. ದೇಶದಲ್ಲಿ ದೊರೆಯುವ ಕೊಟ್ಟಿಗೆಗೊಬ್ಬರ, ಹಸಿರೆಲೆಗೊಬ್ಬರಗಳನ್ನೆಲ್ಲ ಒಟ್ಟುಗೂಡಿಸಿದರೂ ದೇಶದ ಬೆಳೆಗೆ ಸಾಲದೆನ್ನುತ್ತಾರೆ ಅವರು. 1966-67ರಲ್ಲಿ ಬಿಹಾರವು ಬರದಿಂದ ಬೆಂದಾಗ ಅಮೆರಿಕದ ಹಡಗುಗಳಲ್ಲಿ ಬಂದ ಗೋಧಿಗೆ ನಾವು ಕೈಯೊಡ್ಡಬೇಕಾಯಿತು, ಆ ಪರಾಧೀನತೆ ತಪ್ಪಿದ್ದು ಹೊಸ ತಳಿ, ನೀರಾವರಿ, ರಾಸಾಯನಿಕ ಗೊಬ್ಬರಗಳಿಂದಲೇ ಎನ್ನುತ್ತಾರೆ. 2021ರಲ್ಲಿ ಶ್ರೀಲಂಕಾ ಸರ್ಕಾರವು ಒಂದೇ ಆಜ್ಞೆಯಿಂದ ರಾಸಾಯನಿಕ ಗೊಬ್ಬರದ ಆಮದನ್ನು ನಿಲ್ಲಿಸಿ, ವರ್ಷ ಮುಗಿಯುವುದರೊಳಗೆ ಆ ಆಜ್ಞೆಯನ್ನು ಹಿಂತೆಗೆದುಕೊಂಡದ್ದನ್ನೂ ಬತ್ತದ ಬೆಳೆ ಕುಸಿದದ್ದನ್ನೂ ನಿದರ್ಶನವಾಗಿ ಮುಂದಿಡುತ್ತಾರೆ. ಇನ್ನು ಮನೆಯ ಮಟ್ಟಿಗೆ ಬಂದರೆ, ಔಷಧ ಹೊಡೆಯದೆ ಬದನೆಯಾಗಲಿ ಹೀರೆಯಾಗಲಿ ಕೈಗೆ ಹತ್ತದು, ಹತ್ತಿದರೂ ಕುಂಡ, ಮಣ್ಣು, ಬೀಜ, ನೀರು, ಶ್ರಮಗಳಿಗೆ ಬೆಲೆಕಟ್ಟಿದರೆ ಅದು ಮಾರುಕಟ್ಟೆಯ ದರಕ್ಕಿಂತ ಎಷ್ಟೋ ದುಬಾರಿ, ಅದಕ್ಕೂ ಮಿಗಿಲಾಗಿ ಪಟ್ಟಣದ ಮನೆಗೆ ಸ್ಥಳವೇ ಇಲ್ಲ ಎಂದು ತಮ್ಮ ವಾದವನ್ನು ಮುಗಿಸುತ್ತಾರೆ.

ಗದ್ದೆಯನ್ನು ಕುರಿತು ಅವರು ಹೇಳಿದ ಸಂಗತಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಕೋಟ್ಯಂತರ ಜನರ ಅನ್ನದ ಪ್ರಶ್ನೆಯನ್ನು ರಾತ್ರೋರಾತ್ರಿ ಹೊರಡಿಸಿದ ಆಜ್ಞೆಯಿಂದ ಇತ್ಯರ್ಥಪಡಿಸಲು ಹೋದವರ ಪಕ್ಷವನ್ನು ವಹಿಸುವುದೂ ನನ್ನ ಕೆಲಸವಲ್ಲ. ಆದರೆ ಗದ್ದೆಯ ನ್ಯಾಯವನ್ನು ಹಿತ್ತಲಿಗೆ ಅನ್ವಯಿಸುವ ಅಧಿಕಾರ ಇವರಿಗೆ ಎಲ್ಲಿಂದ ಬಂದಿತು? ಕಬ್ಬಿನ ಗಾಡಿಯನ್ನು ತೂಗುವ ಕಾಟಾದ ಮೇಲೆ ಏಲಕ್ಕಿಯ ಪೊಟ್ಟಣವನ್ನಿಟ್ಟು, ಮುಳ್ಳು ಅಲುಗಲಿಲ್ಲವಾದ್ದರಿಂದ ಇದಕ್ಕೆ ತೂಕವೇ ಇಲ್ಲವೆಂದು ತೀರ್ಪು ಕೊಟ್ಟಂತಾಯಿತು ಇವರ ವಾದ. ಇವರ ಉಳಿದೆಲ್ಲ ತಪ್ಪುಗಳೂ ಈ ಒಂದು ತಪ್ಪಿನಿಂದ ಹುಟ್ಟಿದವು. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸಬೇಕಾಗಿದೆ.

ಗದ್ದೆಯಲ್ಲಿ ಬೆಳೆದದ್ದು ಗದ್ದೆಯನ್ನು ಬಿಟ್ಟುಹೋಗುತ್ತದೆ. ಮಂಡ್ಯದ ಬತ್ತವು ಮೂಟೆಯಾಗಿ ಲಾರಿ ಹತ್ತಿದಾಗ ಆ ಮಣ್ಣಿನ ಸಾರಜನಕ, ರಂಜಕ, ಪೊಟ್ಯಾಷುಗಳೂ ಅದರೊಡನೆ ಲಾರಿ ಹತ್ತುತ್ತವೆ. ಬೆಂಗಳೂರನ್ನು ಸೇರಿದ ಮೇಲೆ ಅವು ಮಂಡ್ಯಕ್ಕೆ ಹಿಂತಿರುಗುವುದಿಲ್ಲ. ಹೀಗೆ ವರ್ಷಕ್ಕೆ ಎರಡು ಬಾರಿ ಕಳೆದುಕೊಳ್ಳುವ ಮಣ್ಣಿಗೆ ಹೊರಗಿನಿಂದ ಏನನ್ನಾದರೂ ತಂದು ತುಂಬಲೇಬೇಕು; ಸಗಣಿ ಸಾಲದೆಡೆಯಲ್ಲಿ ಯೂರಿಯಾ ಬರುತ್ತದೆ. ಇದು ಗದ್ದೆಯ ಸಂಕಟ. ಮನೆಯ ಸ್ಥಿತಿಯೋ ಇದಕ್ಕೆ ತೀರ ವಿಪರೀತವಾದದ್ದು. ಕೋಲಾರದ ಟೊಮೆಟೊ, ಹಾಸನದ ಆಲೂಗಡ್ಡೆ, ಕಲಬುರಗಿಯ ತೊಗರಿ, ತಿಪಟೂರಿನ ತೆಂಗಿನಕಾಯಿ, ಯಾವುದೋ ನದೀತೀರದ ಬಾಳೆ, ಇವೆಲ್ಲವೂ ಕೈಚೀಲದಲ್ಲಿ ಕುಳಿತು ದಿನದಿನವೂ ಮನೆಯೊಳಕ್ಕೆ ಬರುತ್ತಿವೆ. ನಾವು ತಿರುಳನ್ನು ತಿಂದು ಉಳಿಸುವ ಸಿಪ್ಪೆ, ನಾರು, ತೊಟ್ಟು, ಬೀಜ, ಹಳಸಿದ ಅನ್ನ, ಬಳಸಿದ ಚಹಾದ ಸೊಪ್ಪು, ಅಕ್ಕಿ ತೊಳೆದ ನೀರು, ಇವುಗಳಲ್ಲಿ ಹತ್ತಾರು ಜಿಲ್ಲೆಗಳ ಹೊಲಗಳ ಫಲವತ್ತತೆಯ ಅಂಶವಿದೆ. ಗೊಬ್ಬರ ಸಾಲದೆಂಬ ಮಾತು ದೇಶದ ಮಟ್ಟಿಗೆ ನಿಜವಿರಬಹುದು. ಮನೆಯ ಮಟ್ಟಿಗೆ ಅದು ಸರ್ವಥಾ ಸುಳ್ಳು. ಇಡೀ ದೇಶದಲ್ಲಿ ಗೊಬ್ಬರವು ಕೊರತೆಯಾಗದೆ ಹೆಚ್ಚಳವಾಗಿ ಬೀಳುವ ಸ್ಥಳ ಯಾವುದಾದರೂ ಇದ್ದರೆ ಅದು ಅಡಿಗೆಮನೆಯ ಹಿಂಬಾಗಿಲು. ಯೂರಿಯಾ ಚೀಲಕ್ಕೆ ಗದ್ದೆಯಲ್ಲಿ ಒಂದು ಸಮಾಧಾನವಾದರೂ ಇದ್ದೀತು. ಹಿತ್ತಲಿನಲ್ಲಿ ಅದಕ್ಕೆ ಯಾವ ಸಮಾಧಾನವೂ ಇಲ್ಲ.

ಆ ಹೆಚ್ಚಳವನ್ನು ನಾವು ಏನು ಮಾಡುತ್ತಿದ್ದೇವೆ? ಬೆಂಗಳೂರು ದಿನವೂ ಹೊರಹಾಕುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಕೊಳೆಯತಕ್ಕ ಹಸಿ ಪದಾರ್ಥ. ಅದನ್ನು ಪ್ಲಾಸ್ಟಿಕ್ಕಿನೊಡನೆ ಕಲಸಿ, ಲಾರಿಗಳಲ್ಲಿ ತುಂಬಿ, ನಗರದ ಹೊರಗಿನ ಹಳ್ಳಿಗಳ ಮಗ್ಗುಲಿಗೆ ಸುರಿದೆವು. ನೀರು ಕೆಟ್ಟು, ಗಾಳಿ ಕೆಟ್ಟು, ಬಾಳುವುದೇ ದುಸ್ತರವಾದಾಗ ಮಾವಳ್ಳಿಪುರದವರು 2012ರಲ್ಲಿಯೂ ಮಂಡೂರಿನವರು 2014ರಲ್ಲಿಯೂ ಆ ಲಾರಿಗಳಿಗೆ ಅಡ್ಡನಿಂತರು. ಅವರ ಊರುಗಳನ್ನು ಕೆಡಿಸಿದ್ದರಲ್ಲಿ ಅರ್ಧಕ್ಕೆ ಮಿಕ್ಕಿದ ಪಾಲು, ನಮ್ಮ ಹಿತ್ತಲುಗಳಲ್ಲಿ ಬಸಳೆಯಾಗಿ, ಬೆಂಡೆಯಾಗಿ, ಪಪ್ಪಾಯಿಯಾಗಿ ಪರಿಣಮಿಸಬಹುದಾಗಿದ್ದ ಸಂಪತ್ತು. ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ಊರ ಕಸವನ್ನು ಗುಂಡಿಗಳಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಕೆಲವು ತಿಂಗಳುಗಳಲ್ಲಿ ನಿರಪಾಯವಾದ ಗೊಬ್ಬರವನ್ನಾಗಿಸುವ ಕ್ರಮವನ್ನು ರೂಪಿಸಿದರು. ಅದು ಇಂದಿಗೂ ಪಠ್ಯಗ್ರಂಥಗಳಲ್ಲಿ 'ಬೆಂಗಳೂರು ಪದ್ಧತಿ'ಯೆಂದೇ ಪ್ರಸಿದ್ಧವಾಗಿದೆ. ಅದಕ್ಕೂ ಮೊದಲು ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡರು ಯಶವಂತ ವಾಡರೊಡನೆ ಶ್ರಮಿಸಿ, ಭಾರತದ ರೈತನಿಂದಲೂ ಪೂರ್ವದೇಶಗಳ ಪುರಾತನ ಪದ್ಧತಿಗಳಿಂದಲೂ ಕಲಿತದ್ದನ್ನು ಸೇರಿಸಿ, ಕಸ ಕಡ್ಡಿ ಸಗಣಿಗಳನ್ನು ಮಗುಚಿ ಮಗುಚಿ ಗೊಬ್ಬರ ಮಾಡುವ ವಿಧಾನವನ್ನು 1931ರಲ್ಲಿ ಪುಸ್ತಕರೂಪವಾಗಿ ಲೋಕಕ್ಕೆ ಕೊಟ್ಟಿದ್ದರು. ಇಂದು ಪಶ್ಚಿಮದೇಶಗಳಲ್ಲಿ ಸಾವಯವವೆಂಬ ಹೆಸರಿನಿಂದ ನಡೆಯುತ್ತಿರುವ ಚಳುವಳಿಯ ಮೂಲಪುರುಷರಲ್ಲಿ ಹೋವರ್ಡರೊಬ್ಬರು. ಕಸವನ್ನು ಅನ್ನವಾಗಿಸುವ ವಿದ್ಯೆಗೆ ತನ್ನ ಹೆಸರನ್ನಿತ್ತ ಊರು, ಆ ವಿದ್ಯೆಯನ್ನು ಮರೆತು ನೆರೆಹಳ್ಳಿಗಳ ಬಾಯಿಗೆ ಕಸವನ್ನು ಹಾಕಿತೆಂಬುದು ಲಜ್ಜೆಪಡತಕ್ಕ ಸಂಗತಿ.

ಮನೆಯ ಗೊಬ್ಬರದ ಗುಂಡಿಗೆ ಯಾವ ಯಂತ್ರವೂ ಬೇಡ. ಒಂದು ಗಜ ಉದ್ದ, ಒಂದು ಗಜ ಅಗಲದ ಕುಳಿ ಸಾಕು. ಅದಕ್ಕೂ ಸ್ಥಳವಿಲ್ಲದಿದ್ದರೆ ತಳದಲ್ಲಿ ತೂತುಗಳಿರುವ ಹಳೆಯ ಡ್ರಮ್ಮು. ಅಡಿಗೆಮನೆಯ ಹಸಿ ಸಿಪ್ಪೆ ಒಂದು ಪಾಲಾದರೆ ಒಣಗಿದ ತರಗೆಲೆ ಎರಡು ಮೂರು ಪಾಲು. ಮೇಲೆ ಒಂದು ಹಿಡಿ ಮಣ್ಣು. ದುರ್ಗಂಧ ಬರುತ್ತದೆಂಬ ದೂರು ಸರ್ವತ್ರ ಕೇಳಿಬರುವುದುಂಟು. ದುರ್ಗಂಧವು ಹಸಿ ಹೆಚ್ಚಾಗಿ ಒಣಗಿದ್ದು ಕಡಿಮೆಯಾದುದರ ಲಕ್ಷಣ; ಒಂದು ಬುಟ್ಟಿ ತರಗೆಲೆ ಬಿದ್ದರೆ ಎರಡು ದಿನಗಳಲ್ಲಿ ಅದು ಅಡಗುತ್ತದೆ. ಬೀದಿಯ ಮರಗಳ ಎಲೆಯನ್ನು ಗುಡಿಸಿ ಮೂಲೆಯಲ್ಲಿ ಸುಡುವ ನಮ್ಮ ಊರುಗಳಲ್ಲಿ ತರಗೆಲೆಗೆ ಬರವೆಂದು ಯಾರೂ ಹೇಳಲಾರರು. ಮೂರು ನಾಲ್ಕು ತಿಂಗಳು ಕಳೆದ ಮೇಲೆ ಗುಂಡಿಯ ತಳವನ್ನು ಕೆದಕಿದರೆ, ಸಿಪ್ಪೆ ಯಾವುದು ಎಲೆ ಯಾವುದು ಎಂಬ ಗುರುತೇ ಉಳಿಯದೆ, ಮೊದಲ ಮಳೆ ಬಿದ್ದ ನೆಲದ ವಾಸನೆಯ, ಕೈಗೆ ಅಂಟದ ಕಪ್ಪು ಪುಡಿ ದೊರೆಯುವುದು; ಅದರಲ್ಲಿ ಎರೆಹುಳುಗಳು ಕರೆಯದೆಯೇ ಬಂದು ನೆಲೆಸಿರುವುವು. ಈ ಹುಳುವಿನ ಕೆಲಸವನ್ನು ಚಾರ್ಲ್ಸ್ ಡಾರ್ವಿನ್ನನು ದಶಕಗಳ ಕಾಲ ಗಮನಿಸಿ 1881ರಲ್ಲಿ ಒಂದು ಇಡೀ ಗ್ರಂಥವನ್ನೇ ಬರೆದನು. ಜೀವವಿಕಾಸವನ್ನು ಕಂಡ ಕಣ್ಣುಗಳಿಗೆ ಎರೆಹುಳುವು ಕ್ಷುದ್ರವಾಗಿ ಕಾಣಲಿಲ್ಲ.

ಔಷಧವಿಲ್ಲದೆ ಬೆಳೆಯಿಲ್ಲವೆಂಬ ಎರಡನೆಯ ವಾದವನ್ನು ಈಗ ತೆಗೆದುಕೊಳ್ಳೋಣ. ಇಲ್ಲಿಯೂ ನೂರಾರು ಎಕರೆಗಳ ಅನುಭವವನ್ನು ಹತ್ತು ಗಿಡಗಳ ಮೇಲೆ ಹೇರಿದ್ದಾರೆ. ಬದನೆಯನ್ನೇ ನೋಡಿ. ಬದನೆಯ ಪರಮಶತ್ರು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಅದರ ಭಯದಿಂದಲೇ ಹೊಲದ ಬದನೆಗೆ ವಾರಕ್ಕೊಮ್ಮೆ, ಕೆಲವೆಡೆ ಅದಕ್ಕೂ ಹೆಚ್ಚಾಗಿ ವಿಷ ಬೀಳುತ್ತದೆ. ಅದರ ನಿವಾರಣೆಗೆಂದೇ ಕುಲಾಂತರಿ ಬದನೆಯನ್ನು ಸೃಷ್ಟಿಸಿ, ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆದು, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಈ ಹುಳು ಹಿತ್ತಲಿಗೆ ಬಂದಾಗ ಏನಾಗುತ್ತದೆಂಬುದನ್ನು ಗಮನಿಸಿದವರು ಬಲ್ಲರು. ಗಿಡವೆಲ್ಲ ಹಸುರಾಗಿ ನೆಟ್ಟಗಿರುವಾಗ ಒಂದೇ ಒಂದು ಎಳೆಯ ಕುಡಿ ಮಾತ್ರ ಬಾಡಿ ಜೋತುಬಿದ್ದಿರುತ್ತದೆ. ಬಳಿಗೆ ಹೋಗಿ ನೋಡಿದರೆ ಕಾಂಡದಲ್ಲಿ ಸಾಸಿವೆಗಿಂತ ಸಣ್ಣದೊಂದು ರಂಧ್ರ, ಅದರ ಬಾಯಲ್ಲಿ ಹುಳುವಿನ ಹಿಕ್ಕೆ. ಬಾಡಿದ ಭಾಗದಿಂದ ಎರಡು ಬೆರಳು ಕೆಳಗೆ ಕತ್ತರಿಸಿ ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣದ ಹುಳು ಮಲಗಿರುತ್ತದೆ. ಅದನ್ನು ಅಲ್ಲಿಯೇ ಹೊಸಕಿಹಾಕಿದರೆ ಆ ಹುಳು ಪತಂಗವಾಗಿ ಮತ್ತೆ ಮೊಟ್ಟೆಯಿಡುವ ವಂಶವೇ ತುಂಡಾಯಿತು. ಕತ್ತರಿಸಿದೆಡೆಯಲ್ಲಿ ಗಿಡವು ಎರಡು ಕವಲೊಡೆಯುತ್ತದೆ. ಎಕರೆಗಟ್ಟಲೆ ಬದನೆಯುಳ್ಳ ರೈತನು ಸಾವಿರಾರು ಗಿಡಗಳ ಕುಡಿಗಳನ್ನು ದಿನವೂ ನೋಡಲಾರನು. ಆರು ಗಿಡಗಳ ಒಡೆಯನು ಹಲ್ಲುಜ್ಜುತ್ತ ನೋಡಿ ಮುಗಿಸಬಹುದು. ಕಣ್ಣು ತಲಪದ ಕಡೆಗೆ ವಿಷ ಹೋಗುತ್ತದೆ. ಹಿತ್ತಲೆಂಬುದು ಕಣ್ಣು ತಲಪುವಷ್ಟೇ ವಿಸ್ತಾರವಾದ ಭೂಮಿ.

ಹೀರೆ, ಹಾಗಲ, ಪಡವಲದ ಮಿಡಿಗಳಿಗೆ ನೊಣವು ಸೂಜಿಯಿಟ್ಟು ಕೊಳೆಸುತ್ತದೆ; ಹೂ ಉದುರಿದ ಕೂಡಲೆ ಮಿಡಿಗೆ ಒಂದು ಹಾಳೆಯ ಚೀಲವನ್ನು ಕಟ್ಟಿದರೆ ಅದರ ಉಪದ್ರವ ಮುಗಿಯಿತು. ಇದನ್ನು ಹೊಲದಲ್ಲಿ ಮಾಡಲು ಆಳುಕಾಳುಗಳ ಕೂಲಿ ಕೊಟ್ಟು ಪೂರೈಸದು. ಮನೆಯಲ್ಲಿ ಹುಡುಗರು ಸ್ಪರ್ಧೆ ಹೂಡಿ ಮಾಡುತ್ತಾರೆ. ಅಲಸಂದೆಯ ಕುಡಿಗೆ ಹೇನು ಮುತ್ತಿತೆಂದು ಗಾಬರಿಯಾಗುವವರು, ಅದಕ್ಕೆ ಹಿಂದಿನ ವಾರ ತಾವೇ ಯೂರಿಯಾ ಎರಚಿದ್ದನ್ನು ಸ್ಮರಿಸಿಕೊಳ್ಳಬೇಕು. ಸಾರಜನಕವು ಮಿತಿಮೀರಿದಾಗ ಗಿಡವು ರಸದಿಂದ ಉಬ್ಬಿ, ಅದರ ಮೆತ್ತಗಿನ ಕುಡಿಗೆ ಹೇನು ಮುತ್ತುತ್ತದೆ. ಕಾಯಿಲೆಯನ್ನು ಒಂದು ಚೀಲದಲ್ಲಿಯೂ ಅದರ ಔಷಧವನ್ನು ಇನ್ನೊಂದು ಶೀಷೆಯಲ್ಲಿಯೂ ಒಂದೇ ಅಂಗಡಿಯಿಂದ ಕೊಂಡುತರುವ ದುಃಸ್ಥಿತಿ ಹಿತ್ತಲಿಗೆ ಏಕೆ ಬರಬೇಕು? ಹೇನು ಹೆಚ್ಚಾದಲ್ಲಿ ಕೆಲವೇ ದಿನಗಳಲ್ಲಿ ಗುಲಗಂಜಿಹುಳುಗಳು ತಾವಾಗಿ ಬಂದು ಅದನ್ನು ಮೇಯತೊಡಗುವುವು. ಬರುವ ಮೊದಲೇ ವಿಷ ಹೊಡೆದವನು ತನ್ನ ಮಿತ್ರರನ್ನು ಕೊಂದು ಶತ್ರುವಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಅತ್ಯಗತ್ಯವಾದಾಗ ಲೀಟರು ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಅರೆದು, ರಾತ್ರಿಯೆಲ್ಲ ನೆನೆಯಿಟ್ಟು, ಸೋಸಿ, ಸಂಜೆಯ ವೇಳೆ ಸಿಂಪಡಿಸುವ ಉಪಾಯವಿದ್ದೇ ಇದೆ.

ಇದು ಹಿತ್ತಲಿನ ಕಟ್ಟುಕಥೆ, ನಿಜವಾದ ಪಿಡುಗು ಬಂದಾಗ ರಸಾಯನವೇ ಗತಿ ಎನ್ನುವವರು ಪಪ್ಪಾಯಿಯ ವೃತ್ತಾಂತವನ್ನು ಕೇಳಲಿ. 2008ರಲ್ಲಿ ಕೊಯಮತ್ತೂರಿನಲ್ಲಿ ಒಂದು ಪರದೇಶದ ಹಿಟ್ಟುತಿಗಣೆ ಕಾಣಿಸಿಕೊಂಡು, ತಮಿಳುನಾಡು ಕರ್ನಾಟಕಗಳ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳ ಮೇಲೆ ಬಿಳಿಯ ಮೇಣದಂತೆ ಹಬ್ಬಿಕೊಂಡಿತು. ಮೈಮೇಲಿನ ಮೇಣದ ಹೊದಿಕೆಯಿಂದಾಗಿ ಸಿಂಪಡಿಸಿದ ಔಷಧ ಅದಕ್ಕೆ ತಾಗುತ್ತಿರಲಿಲ್ಲ. ರೈತರು ಒಂದಾದಮೇಲೊಂದರಂತೆ ವಿಷಗಳನ್ನು ಸುರಿದು ಸೋತರು, ಅನೇಕರು ತೋಟಗಳನ್ನೇ ಕಡಿದುಹಾಕಿದರು. ಕೊನೆಗೆ 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿಕೀಟಗಳ ರಾಷ್ಟ್ರೀಯ ಸಂಸ್ಥೆಯವರು ಪೋರ್ಟೊರಿಕೊ ದ್ವೀಪದಿಂದ ಆ ತಿಗಣೆಯ ಸಹಜಶತ್ರುಗಳಾದ ಪರೋಪಜೀವಿ ಕಣಜಗಳನ್ನು ತರಿಸಿ, ಸಾಕಿ, ತೋಟಗಳಲ್ಲಿ ಬಿಟ್ಟರು. ಅವುಗಳಲ್ಲಿ ಅಸೆರೋಫೇಗಸ್ ಪಪಾಯೆ ಎಂಬುದು ಒಂದು ಮಿಲಿಮೀಟರಿಗೂ ಕಿರಿದು. ತಿಗಣೆಯ ಮೈಯೊಳಗೇ ಮೊಟ್ಟೆಯಿಟ್ಟು, ತನ್ನ ಮರಿಗಳಿಂದ ಅದನ್ನು ಒಳಗಿನಿಂದಲೇ ತಿನ್ನಿಸುತ್ತದೆ. ಅದನ್ನು ಬಿಟ್ಟ ತೋಟಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಪಿಡುಗು ಇಳಿಯಿತು. ಇದನ್ನು ಸಾಧಿಸಿದವರು ವಿಜ್ಞಾನಿಗಳೇ. ಸಾವಯವವೆಂದರೆ ವಿಜ್ಞಾನವಿರೋಧವೆಂದು ಆಕ್ಷೇಪಿಸುವವರು ಇದನ್ನು ಯಾವ ವರ್ಗಕ್ಕೆ ಸೇರಿಸುವರೋ ನಾನರಿಯೆ. ನನಗಂತೂ ಇದು ವಿಜ್ಞಾನದ ಅತ್ಯುತ್ತಮ ಮುಖವಾಗಿ ಕಾಣುತ್ತದೆ.

ಮಿತವಾಗಿ ಬಳಸಿದರೆ ಅಪಾಯವಿಲ್ಲ, ಕೊಯ್ಲಿಗೆ ಇಷ್ಟು ದಿನ ಮುಂಚೆ ನಿಲ್ಲಿಸಿದರೆ ಸಾಕು ಎಂದು ಹೇಳುವವರೂ ಇದ್ದಾರೆ. ಪ್ರತಿಯೊಂದು ಕೀಟನಾಶಕದ ಸಿಂಪರಣೆಗೂ ಕೊಯ್ಲಿಗೂ ನಡುವೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿದೆಯೆಂಬುದು ನಿಜ. ಆದರೆ ಬೆಂಡೆಕಾಯಿಯನ್ನು ದಿನಬಿಟ್ಟು ದಿನ ಕೊಯ್ಯದಿದ್ದರೆ ಬಲಿತು ನಾರಾಗುತ್ತದೆ. ಹುರುಳಿಕಾಯಿ, ಬದನೆ, ಹಾಗಲಗಳ ಕೊಯ್ಲೂ ವಾರಕ್ಕೆ ಎರಡು ಮೂರು ಬಾರಿ ನಡೆಯತಕ್ಕದ್ದು. ಕೊಯ್ಲು ಆರಂಭವಾದ ಮೇಲೆ ಹೂವು, ಮಿಡಿ, ಎಳೆಗಾಯಿ, ಬಲಿತ ಕಾಯಿ ಎಲ್ಲವೂ ಒಂದೇ ಗಿಡದಲ್ಲಿರುವಾಗ ಇಂದು ಹೊಡೆದ ಔಷಧವು ನಾಳಿದ್ದಿನ ಕಾಯಿಗೆ ತಾಗದಂತೆ ಹೊಡೆಯುವುದು ಹೇಗೆ? ನಿಯಮವನ್ನು ಬರೆದವರು ಬೆಂಡೆಯ ಸ್ವಭಾವವನ್ನು ಕೇಳಿ ಬರೆಯಲಿಲ್ಲ. ರೈತನನ್ನು ಇದಕ್ಕಾಗಿ ನಿಂದಿಸುವುದು ಅನ್ಯಾಯ; ಒಂದು ತೂತುಬಿದ್ದ ಕಾಯಿಯನ್ನೂ ಮುಟ್ಟದೆ ಬುಟ್ಟಿಯನ್ನೆಲ್ಲ ಕೆದಕಿ ಹೊಳೆಯುವುದನ್ನೇ ಆರಿಸಿಕೊಳ್ಳುವ ಕೊಳ್ಳುಗರಾದ ನಾವು ಆ ಸಿಂಪರಣೆಯಲ್ಲಿ ಪಾಲುಗಾರರು. ನಿತ್ಯವೂ ಒಗ್ಗರಣೆಗೆ ಬೀಳುವ ಕರಿಬೇವಿನ ವಿಷಯದಲ್ಲಿ, ವಿಷಶೇಷದ ಶಂಕೆಯಿಂದ ಯೂರೋಪಿನ ಒಕ್ಕೂಟವು ಭಾರತದಿಂದ ಹೋಗುವ ಎಲೆಗಳನ್ನು ವಿಶೇಷ ತಪಾಸಣೆಗೆ ಒಳಪಡಿಸಿದೆ. ಅವರ ಬಂದರಿನಲ್ಲಿ ಪರೀಕ್ಷೆ ನಡೆಯುತ್ತದೆ. ನಮ್ಮ ಸಾರಿನ ಪಾತ್ರೆಗೆ ಬೀಳುವ ಎಸಳನ್ನು ಪರೀಕ್ಷಿಸುವವರು ಯಾರು? ಕರಿಬೇವೋ ಒಮ್ಮೆ ನೆಟ್ಟರೆ ಹಲವಾರು ವರ್ಷ ಮನೆಗೆ ಎಲೆ ಕೊಡುವ ಗಿಡ.

ನಿರಪಾಯವೆಂಬ ಆಶ್ವಾಸನೆಗಳ ಚರಿತ್ರೆಯನ್ನೂ ಒಮ್ಮೆ ನೆನೆಯಬೇಕು. ಕಾಸರಗೋಡಿನಲ್ಲಿಯೂ ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಗೇರುತೋಟಗಳ ಮೇಲೆ ಆಕಾಶಮಾರ್ಗದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದಾಗಲೂ ಅದು ನಿರಪಾಯವೆಂದೇ ಹೇಳಲಾಗಿತ್ತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶಾದ್ಯಂತ ನಿಲ್ಲಿಸಿತು. ಅಷ್ಟರಲ್ಲಿ ಆ ಊರುಗಳಲ್ಲಿ ಅಂಗವಿಕಲರಾಗಿ ಹಾಸಿಗೆ ಹಿಡಿದ ಮಕ್ಕಳ ತಾಯಂದಿರಿಗೆ ಆ ಆದೇಶದಿಂದ ಮರಳಿ ದೊರೆತದ್ದು ಏನೂ ಇಲ್ಲ.

ಲೆಕ್ಕದ ಮಾತಿಗೆ ಬರುತ್ತೇನೆ. ಹಿತ್ತಲಿನ ಶ್ರಮಕ್ಕೆ ಗಂಟೆಗಿಷ್ಟೆಂದು ಕೂಲಿ ಕಟ್ಟಿ, ಬೆಳೆದ ಸೊಪ್ಪನ್ನು ಸಂತೆಯ ದರಕ್ಕೆ ಮಾರಿದಂತೆ ಎಣಿಸಿ, ನಷ್ಟವೆಂದು ಷರಾ ಬರೆಯುವ ಗಣಿತಜ್ಞರು ಇದೇ ಗಣಿತವನ್ನು ಅಡಿಗೆಗೆ ಅನ್ವಯಿಸುವುದಿಲ್ಲವೇಕೆ? ಮನೆಯಲ್ಲಿ ರೊಟ್ಟಿ ತಟ್ಟುವ ತಾಯಿಯ ಗಂಟೆಗಳಿಗೆ ಕೂಲಿ ಹಿಡಿದರೆ ಖಾನಾವಳಿಯ ರೊಟ್ಟಿಯೇ ಅಗ್ಗವೆಂದು ಸಿದ್ಧವಾಗುತ್ತದೆ. ಆದರೂ ಮನೆಯಡಿಗೆಯನ್ನು ವಿನೋದವೆಂದು ಯಾರೂ ಕರೆದಿಲ್ಲ. ಮನೆಯಲ್ಲಿ ನಡೆಯುವ ಕೆಲಸಗಳಲ್ಲಿ ಕೆಲವು ಮಾರುವುದಕ್ಕಾಗಿ ಹುಟ್ಟಿದವಲ್ಲ. ಅದಿರಲಿ, ಮಾರುಕಟ್ಟೆಯ ಲೆಕ್ಕಕ್ಕೇ ನಿಂತರೂ ಇವರ ವಾದ ಉಳಿಯದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗೃಹಸ್ಥರು ಸುಮಾರು 2 ಕೋಟಿ ಕೈತೋಟಗಳನ್ನು ಮಾಡಿ, ಆ ದೇಶದ ತಾಜಾ ತರಕಾರಿಯ ಶೇಕಡ 40ರಷ್ಟನ್ನು ಬೆಳೆದರೆಂದು ಆಗಿನ ಅಂದಾಜು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಕ್ಯೂಬಾ ದೇಶಕ್ಕೆ ತೈಲವೂ ಗೊಬ್ಬರವೂ ಬಾರದೆ ನಿಂತಾಗ, ಹವಾನಾ ನಗರದ ಖಾಲಿ ನಿವೇಶನಗಳೂ ಮನೆಯಂಗಳಗಳೂ ಕಾಂಪೋಸ್ಟಿನ ಬಲದಿಂದ ಆ ಊರಿಗೆ ಸೊಪ್ಪು ತರಕಾರಿ ಉಣಿಸಿದವು. ವಿನೋದವು ಒಂದು ನಗರವನ್ನು ಪೋಷಿಸಬಲ್ಲದೇ?

ವಿನೋದವೆಂಬ ಈ ಮಾತಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಅದರ ಮರೆವು. ಮಲೆನಾಡಿನ, ಕರಾವಳಿಯ, ಬಯಲುಸೀಮೆಯ ಹಿತ್ತಲುಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಬಿಡುವೆಂಬುದನ್ನೇ ಕಾಣದ ಹೆಂಗಸರು. ಬಚ್ಚಲ ನೀರು ಹರಿಯುವೆಡೆಯಲ್ಲಿ ಬಸಳೆಯ ಚಪ್ಪರ, ಅದರಾಚೆ ಕೆಸು, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ, ಬೇಲಿಯ ಮೇಲೆ ತೊಂಡೆ, ಮೂಲೆಯಲ್ಲಿ ನುಗ್ಗೆ, ಪಡವಲದ ತುದಿಗೆ ನೇರವಾಗಲೆಂದು ಕಟ್ಟಿದ ಕಲ್ಲು, ಒಲೆಯ ಬೂದಿ ಬಿದ್ದ ಹರಿವೆಯ ಮಡಿ: ಇಷ್ಟನ್ನೂ ನೀರು ಹೊರುವುದರ ನಡುವೆ, ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಮಾಡಿದವರು ಅವರು. ಸಂತೆ ದೂರವಿದ್ದು ಕೈಯಲ್ಲಿ ಕಾಸಿಲ್ಲದ ಆಷಾಢದ ದಿನಗಳಲ್ಲಿ ಸಂಸಾರದ ಎಲೆಗೆ ಬಿದ್ದದ್ದು ಆ ಕೈಗಳ ಬೆಳೆ. ಮಗುವಿಗೆ ಕೆಮ್ಮು ಬಂದರೆ ದೊಡ್ಡಪತ್ರೆ, ಹೊಟ್ಟೆ ಕೆಟ್ಟರೆ ದಾಳಿಂಬೆಯ ಸಿಪ್ಪೆ, ಅವರು ಕೈಚಾಚಿದಷ್ಟು ದೂರದಲ್ಲಿದ್ದವು. ಅದನ್ನು ವಿನೋದವೆಂದು ಕರೆಯುವವರು ಆ ದುಡಿಮೆಯನ್ನು ದುಡಿಮೆಯೆಂದು ಎಂದೂ ಎಣಿಸಲಿಲ್ಲ. ಇಂದು ಹಿತ್ತಲನ್ನು ಮತ್ತೆ ಎಬ್ಬಿಸುವುದಾದರೆ ಅದರ ಭಾರವನ್ನು ಅವರೊಬ್ಬರ ತಲೆಗೇ ಹೊರಿಸುವುದೂ ಅನ್ಯಾಯವೇ. ಗುದ್ದಲಿ ಹಿಡಿಯತಕ್ಕದ್ದು ಮನೆಯ ಗಂಡಸರು.

ಸ್ಥಳವಿಲ್ಲವೆಂಬ ಆಕ್ಷೇಪಣೆಯಲ್ಲಿ ಅರ್ಧಸತ್ಯವಿದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯವನಿಗೆ ಟೊಮೆಟೊ ಬೆಳೆ ಎಂದು ಉಪದೇಶಿಸುವುದು ತರವಲ್ಲ. ಕಾಯಿಪಲ್ಯಗಳಿಗೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕೇಬೇಕು. ಅಂಥವನಿಗೂ ದೊಡ್ಡಪತ್ರೆ, ಒಂದೆಲಗ, ಪುದೀನ, ಚಕ್ರಮುನಿಗಳು ಅರೆನೆರಳಿನಲ್ಲಿ ಒದಗುತ್ತವೆ. ಆದರೆ ಸ್ಥಳವಿದ್ದವರು ಮಾಡಿದ್ದೇನು? ಮನೆಯ ಸುತ್ತ ಬಿಡಲೇಬೇಕೆಂದು ಕಾನೂನು ವಿಧಿಸಿದ ನೆಲಕ್ಕೆ ಕಲ್ಲು ಹಾಸಿ, ಸಿಮೆಂಟು ಬಳಿದು, ಒಂದು ಗೇಣು ಮಣ್ಣೂ ಕಾಣದಂತೆ ಮುಚ್ಚಿ, ಸ್ವಚ್ಛವಾಯಿತೆಂದು ಸಂತೋಷಪಟ್ಟರು. ಮಳೆನೀರು ಇಂಗಲು ದಾರಿಯಿಲ್ಲದೆ ಬೀದಿಗೆ ನುಗ್ಗುತ್ತದೆ. ಬೇಸಗೆಯಲ್ಲಿ ಅದೇ ಮನೆಗೆ ಟ್ಯಾಂಕರಿನ ನೀರು ಬರುತ್ತದೆ. ಮಣ್ಣನ್ನು ಕೊಳೆಯೆಂದು ಎಣಿಸಿದ ಬುದ್ಧಿಯೇ ಹಿತ್ತಲನ್ನು ವಿನೋದವೆಂದೂ ಎಣಿಸಿತು.

ಇಷ್ಟು ಹೇಳಿದ ಮೇಲೆ, ನನ್ನ ಪಕ್ಷದವರೆಂದು ಹೇಳಿಕೊಳ್ಳುವ ಕೆಲವರನ್ನೂ ಬಿಡಲಾಗದು. ಸಾವಯವ ಕೈತೋಟವೆಂಬುದು ಈಗ ಒಂದು ವ್ಯಾಪಾರವಾಗಿದೆ. ಬಣ್ಣದ ಚೀಲಗಳು, ತೆಂಗಿನ ನಾರಿನ ಪುಡಿಯ ಇಟ್ಟಿಗೆಗಳು, ಶೀಷೆಯಲ್ಲಿ ತುಂಬಿದ ದ್ರವಗಳು, ಒಮ್ಮೆ ಬೆಳೆದು ಮುಂದಿನ ಬಾರಿಗೆ ತಾಯಿಯ ಗುಣ ಉಳಿಸದ ಹೈಬ್ರಿಡ್ ಬೀಜದ ಪೊಟ್ಟಣಗಳು. ಇವನ್ನೆಲ್ಲ ಕೊಂಡು ತಂದು ಒಂದು ಬೆಳೆ ತೆಗೆದು, ದುಬಾರಿಯಾಯಿತೆಂದು ಬಿಟ್ಟವರೇ ಪ್ರತಿವಾದಿಗಳಿಗೆ ಸಾಕ್ಷಿಗಳಾಗಿ ನಿಲ್ಲುತ್ತಾರೆ. ನಾರಿನ ಪುಡಿಯು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ವಿನಾ ಅದರಲ್ಲಿ ಗಿಡಕ್ಕೆ ಆಹಾರವಿಲ್ಲ. ಬೀಜವನ್ನಂತೂ ಕೊಳ್ಳುವ ಅಗತ್ಯವೇ ಬಹುಮಟ್ಟಿಗೆ ಇಲ್ಲ: ಒಳ್ಳೆಯ ಗಿಡದ ಒಂದು ಹೀರೆಕಾಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟು, ಅಲುಗಿಸಿದಾಗ ಗಿಲಕಿಯಂತೆ ಸದ್ದಾದ ಮೇಲೆ ಕೊಯ್ದು, ಬೀಜವನ್ನು ಬೂದಿಯಲ್ಲಿ ಕಲಸಿ ಇಡುತ್ತಿದ್ದರು ನಮ್ಮ ಹಿರಿಯರು. ಉಡುಪಿಯ ಮಟ್ಟುಗುಳ್ಳ ಇಂದಿಗೂ ಉಳಿದು 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದದ್ದು, ಆ ಊರಿನವರು ಬೀಜವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದರಿಂದ. ಇನ್ನು ಸಹಜವಾದದ್ದೆಲ್ಲ ನಿರಪಾಯವೆಂದು ಸಾರುವವರ ಮಾತೂ ಒಪ್ಪತಕ್ಕದ್ದಲ್ಲ. ಹೊಗೆಸೊಪ್ಪಿನ ಕಷಾಯವು ಉಗ್ರವಾದ ವಿಷ, ಹಸಿ ಸಗಣಿಯ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಸುರಿಯುವುದು ರೋಗಕ್ಕೆ ಆಹ್ವಾನ. ಇವರೂ ಪ್ರತಿವಾದಿಗಳೂ ಒಂದೇ ತಪ್ಪಿನ ಎರಡು ಕವಲುಗಳು: ಹಿತ್ತಲನ್ನು ಅಂಗಡಿಯ ಮೂಲಕವೇ ಕಂಡು, ಅಡಿಗೆಮನೆಯ ಹಿಂಬಾಗಿಲಿನಿಂದ ಅದನ್ನು ನೋಡದೆಹೋದವರು.

ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ವಿಜ್ಞಾಪನೆ. ಹಿಂಬದಿಯ ನೆಲಕ್ಕೆ ಕಲ್ಲು ಹಾಸಬೇಡಿ. ಅಡಿಗೆಮನೆಯ ತೊಟ್ಟಿಯ ನೀರು ಚರಂಡಿಗೆ ಹೋಗದೆ ಆ ನೆಲಕ್ಕೆ ಹರಿಯುವಂತೆ ಮೇಸ್ತ್ರಿಗೆ ಈಗಲೇ ಹೇಳಿ ಇಳಿಜಾರು ಇಡಿಸಿ. ಈಗಾಗಲೇ ಹಾಸಿದ್ದಾದರೆ, ಬಿಸಿಲು ಹೆಚ್ಚು ಬೀಳುವ ಕಡೆಯಲ್ಲಿ ನಾಲ್ಕು ಕಲ್ಲುಗಳನ್ನು ಈ ಮುಂಗಾರಿಗೆ ಮೊದಲು ಎಬ್ಬಿಸಿ, ಗಟ್ಟಿಯಾದ ಮಣ್ಣನ್ನು ಅಗೆದು ಸಡಿಲಮಾಡಿ, ಗುಂಡಿಯ ಗೊಬ್ಬರ ಸಿದ್ಧವಾಗುವ ತನಕ ಎರಡು ಬುಟ್ಟಿ ಹಳೆಯ ಕೊಟ್ಟಿಗೆಗೊಬ್ಬರವನ್ನು ಸೇರಿಸಿ. ಮೊದಲ ಬೆಳೆಯಾಗಿ ಹರಿವೆಯನ್ನು ಬಿತ್ತಿ. ಬೀಜವನ್ನು ಯಾವ ಹಿತ್ತಲಿನವರೂ ಕೇಳಿದರೆ ಕೊಡುತ್ತಾರೆ. ಬಿತ್ತಿದ ಒಂದು ತಿಂಗಳಿಗೆ ಸೊಪ್ಪು ಕೊಯ್ಲಿಗೆ ಬರುತ್ತದೆ.